ಮುದ್ರೆಯಿಲ್ಲದ ಒಂದು ಸಾಲು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಆದ್ದರಿಂದ ದಾಗೋಬೆರ್ತೊ ತೊರ್ರೆಗ್ರೊಸಾ ಗುಂಡುಕಲ್ಲಿನ ಹಾಗೆ ಇರುವಾಗಲೇ ಅವನ ಕಥೆ ಹೇಳಿ ಮುಗಿಸಿಬಿಡುತ್ತೇನೆ. ಅವನಿಗೆ ಈಗ ಅರವತ್ತೊಂದು. ಬಾರಾಂಕಿಯಾ ಊರಿನ ಈ ಮಾರುಕಟ್ಟೆಯಲ್ಲಿ, ಕಾಲುವೆಯ ನಾತ ಮೂಗಿಗೆ ಬಡಿಯುವ ಈ ಮೂಲೆಯಲ್ಲಿ, ಇಪ್ಪತ್ತೆರಡು ವರ್ಷದಿಂದ ನಾನು ಮೊಟ್ಟೆ ತುಂಬಿದ ಜೋಳದ ರೊಟ್ಟಿ, ನಮ್ಮ ಅರೇಪಾ, ಕರಿಯುತ್ತಿದ್ದೇನೆ. ನನ್ನ ಬಾಣಲೆಯ ನೇರ ಎದುರಿಗೆ ಅವನ ಗೂಡಂಗಡಿ. ನನ್ನ ಎಣ್ಣೆಯ ಹೊಗೆ ಅವನ ಕಂಪ್ಯೂಟರಿಗೆ, ಅವನ ಹಾಡಿನ ಗದ್ದಲ ನನ್ನ ತಲೆಗೆ. ಕಟ್ಟಿಕೊಂಡ ಗಂಡನ ಎದುರಿಗೂ ನಾನು ಇಷ್ಟು ವರ್ಷ ಕೂತವಳಲ್ಲ.

ಅವನ ಕಸುಬು ಹಾಡು ತುಂಬುವುದು. ಬಸ್ ಡ್ರೈವರುಗಳು, ಕ್ಷೌರದಂಗಡಿಯವರು, ಮದುವೆಮನೆಯವರು ಬೆರಳುದ್ದದ ಪೆನ್ ಡ್ರೈವ್ ತಂದು ಕೊಡುತ್ತಾರೆ. ಇವನು ಹಾಡುಗಳನ್ನು ಹಿಂಡಿ ಹಿಂಡಿ ಅದರೊಳಗೆ ತುರುಕುತ್ತಾನೆ. ಹಾಡನ್ನು ಹಿಂಡಿದಷ್ಟೂ ಅದು ಸಣ್ಣದಾಗುತ್ತದೆ, ಸಣ್ಣದಾದಷ್ಟೂ ಹೆಚ್ಚು ಹಾಡು ಹಿಡಿಸುತ್ತದೆ. ಹಿಂಡುವಾಗ ಹಾಡಿನಿಂದ ಏನೇನೋ ಸೋರಿಹೋಗುತ್ತದೆ: ತಾಳದ ಚುರುಕು, ಹಾಡುವವನು ಉಸಿರೆಳೆದುಕೊಳ್ಳುವ ಸದ್ದು, ದೊಡ್ಡ ಡ್ರಮ್ಮಿನ ಗುಂಯ್ ಎನ್ನುವ ಬಾಲ. ಸೋರಿಹೋದದ್ದು ಮತ್ತೆ ಬರುವುದಿಲ್ಲ. ಇದನ್ನು ಯಾರೂ ಕೇಳುವುದಿಲ್ಲ. ಎಷ್ಟು ಹಾಡು ಹಿಡಿಯುತ್ತೆ, ಅದೊಂದೇ ಪ್ರಶ್ನೆ.

ಎಷ್ಟು ಹಿಂಡಬೇಕು ಎನ್ನುವುದನ್ನು ದಾಗೋ ಮುಖ ನೋಡಿ ಮಣೆ ಹಾಕುವವರ ಹಾಗೆ ತೀರ್ಮಾನಿಸುತ್ತಿದ್ದ. ಅವನ ಭಾಷೆಯಲ್ಲಿ ಇದಕ್ಕೆಲ್ಲ ಅಂಕಿಗಳಿವೆ. ಮುನ್ನೂರಿಪ್ಪತ್ತು ಎಂದರೆ ಒಳ್ಳೆಯ ಪ್ರತಿ, ಅರವತ್ತನಾಲ್ಕು ಎಂದರೆ ಸಿಪ್ಪೆ. ಬಸ್ಸಿನವರಿಗೆ ತೊಂಬತ್ತಾರು, ಮದುಮಗಳಿಗೆ ನೂರಿಪ್ಪತ್ತೆಂಟು. ಅವನ ಅತ್ತೆ ತೀರಿಕೊಂಡಾಗ ಹೆಂಡತಿ ನೂಬಿಯಾ ಚರ್ಚಿನ ಹಾಡುಗಳನ್ನು ತುಂಬಿಕೊಡು ಎಂದಳು. ಇವನು ಅರವತ್ತನಾಲ್ಕರಲ್ಲಿ ತುಂಬಿದ. ಹೆಣದ ಮುಂದೆ ಹಾಡಿನ ಪೆಟ್ಟಿಗೆ ಹಚ್ಚಿದರೆ ದೇವದೂತರೆಲ್ಲ ಬಕೆಟ್ಟಿನೊಳಗೆ ಕೂತು ಹಾಡಿದ ಹಾಗಿತ್ತು.

"ಸತ್ತೋರಿಗೆ ಕಿವಿ ಕೇಳ್ಸಲ್ಲ ಕಣೇ," ಎಂದ ಹೆಂಡತಿಗೆ. "ಅರವತ್ನಾಲ್ಕು ಸಾಕು."

ನೂಬಿಯಾ ಆ ವರ್ಷವೇ ಬಿಟ್ಟು ಹೋದಳು. ಒಳ್ಳೆಯದೇ ಮಾಡಿದಳು.

ಆದರೆ ದಾಗೋನ ನಿಜವಾದ ವಿದ್ಯೆ ಬೇರೆ. ಅವನು ಮುದ್ರೆ ಹಾಕುವವನು. ನಮ್ಮೂರಲ್ಲಿ ಪ್ರತಿ ಬಡಾವಣೆಗೂ ಒಂದು ಪಿಕೊ ಇರುತ್ತದೆ. ಪಿಕೊ ಎಂದರೆ ಆಳೆತ್ತರದ ಸ್ಪೀಕರುಗಳ ಗೋಡೆ, ಮೇಲೆ ಹೊಳೆಯುವ ಬಣ್ಣದಲ್ಲಿ ಹುಲಿಯೋ ಗರುಡನೋ. ನಮ್ಮ ಬಡಾವಣೆಯದು 'ಕಿವುಡು ಚೇಳು'. ಅದು ಹಾಡಲು ಶುರುಮಾಡಿದರೆ ಮೂರು ಬೀದಿ ಆಚೆ ಷೆಲ್ಫಿನ ಲೋಟಗಳು ಕುಣಿಯುತ್ತವೆ. ಪಿಕೊದ ಮಾನ ಇರುವುದು ಸದ್ದಿನಲ್ಲಲ್ಲ, ಬೇರೆ ಯಾರ ಹತ್ತಿರವೂ ಇಲ್ಲದ ಹಾಡಿನಲ್ಲಿ. ಅದಕ್ಕೆಂದೇ ಯಜಮಾನ ಹಾಡುಗಾರನಿಗೆ ದುಡ್ಡು ಕೊಟ್ಟು ತನಗೊಬ್ಬನಿಗೇ ಅಂತ ಹಾಡಿಸುತ್ತಾನೆ. ಅಸಲು ಪ್ರತಿ ಅವನ ಮನೆಯ ಬೀರುವಿನಲ್ಲಿ. ಹಾಡಿದವನಿಗೂ ಕೊಡುವುದಿಲ್ಲ. ಹೊರಗೆ ಬರುವ ಪ್ರತಿಯನ್ನು ಎರಡು ರೀತಿ ಕೆಡಿಸಬೇಕು. ಒಂದು, ಚೆನ್ನಾಗಿ ಹಿಂಡಬೇಕು. ಎದುರಾಳಿ ಕದ್ದು ತನ್ನ ಪಿಕೊದಲ್ಲಿ ಹಾಕಿದರೆ ತಗಡಿನ ಡಬ್ಬಿ ಬಡಿದ ಹಾಗೆ ಕೇಳಿ ಅವನ ಮರ್ಯಾದೆ ಹೋಗಬೇಕು. ಎರಡು, ಹಾಡಿನ ಮೇಲೆ ಪಿಕೊದ ಹೆಸರನ್ನು ಕೂಗಿ ಮುದ್ರೆ ಹೊಡೆಯಬೇಕು. ನಮ್ಮದರ ಮುದ್ರೆ ಒಂದು ಗಡಸು ಗಂಡುದನಿ: "ಕಿವುಡು ಚೇಳು! ಕುಟುಕಿದ್ರೆ ಬದುಕಿಲ್ಲ!" ಒಂದು ಹಾಡಿಗೆ ಆರು ಸಲ. ಕುಣಿತದ ದಿನ ಯಜಮಾನ ಅಸಲನ್ನೇ ಹಾಕುತ್ತಾನೆ ನಿಜ, ಆದರೆ ಆಗಲೂ ಅದೇ ಆರು ಜಾಗದಲ್ಲಿ ಮೈಕು ಹಿಡಿದವನು ಕೂಗುತ್ತಾನೆ, ಜನರೂ ಕೂಗುತ್ತಾರೆ. ಮುದ್ರೆಯಿಲ್ಲದ ಹಾಡನ್ನು ಈ ಊರಿನಲ್ಲಿ ಕೇಳಿದವರೇ ಇಲ್ಲ.

ದಾಗೋ ಹರೆಯದಲ್ಲಿ ಗ್ರಾಮಫೋನ್ ತಟ್ಟೆಗಳ ಕಾಲದಲ್ಲೇ ಈ ಕೆಲಸಕ್ಕೆ ಬಿದ್ದವನು. ಆಗ ಕಿವುಡು ಚೇಳಿನ ಯಜಮಾನ ನೆಮೆಸಿಯೊ ಬರ್ರಾಸಾ ಹಡಗಿನವರ ಕೈಯಲ್ಲಿ ಆಫ್ರಿಕಾದ ತಟ್ಟೆಗಳನ್ನು ತರಿಸುತ್ತಿದ್ದ. ಯಾರ ಹಾಡೆಂದು ಎದುರಾಳಿಗೆ ತಿಳಿಯದ ಹಾಗೆ ತಟ್ಟೆಯ ನಡುವಿನ ಹೆಸರಿನ ಚೀಟಿಯನ್ನು ಬ್ಲೇಡಿನಲ್ಲಿ ಕೆರೆಯುವುದು ಇವನ ಕೆಲಸ. ಸಾವಿರಾರು ಹೆಸರು ಕೆರೆದಿದ್ದಾನೆ. ಅದನ್ನು ಹೇಳಿಕೊಳ್ಳುವಾಗ ಅವನ ಮುಖ ನೋಡಬೇಕು, ಮೊಮ್ಮಗಳ ನಾಮಕರಣದ ಸುದ್ದಿ ಹೇಳುವವರ ಹಾಗೆ ಅರಳುತ್ತದೆ.

ಮುದ್ರೆ ಎಲ್ಲಿ ಹೊಡೆಯಬೇಕು ಎನ್ನುವುದು ಅವನಿಗೇ ಬಿಟ್ಟದ್ದು. ಬೇರೆ ಮುದ್ರೆಯವರು ವಾದ್ಯ ನುಡಿಯುವ ಕಡೆ ಹೊಡೆದು ದನಿಯನ್ನು ಉಳಿಸುತ್ತಾರೆ. ಇವನದು ತದ್ವಿರುದ್ಧ. ಹಾಡುವವನ ಕಂಠ ಎಲ್ಲಿ ಏರುತ್ತದೋ, ಕೇಳುವವನ ರೋಮ ಎಲ್ಲಿ ನಿಲ್ಲುತ್ತದೋ ಅಲ್ಲೇ ಹೊಡೆಯುತ್ತಿದ್ದ. "ಮಾಂಸ ಇರೋ ಕಡೆ ಹಲ್ಲು ಊರ್ಬೇಕು ಅಕ್ಕಾ. ಮೂಳೆ ಕಚ್ಚಿ ಏನು ಪ್ರಯೋಜನ?" ಎನ್ನುತ್ತಿದ್ದ.

ಯಾಮಿತ್ ಬಂದದ್ದು ಹೀಗಿರುವಾಗ. ಇಪ್ಪತ್ತಮೂರು ವರ್ಷದ ಹುಡುಗ, ಬೈಕಿನಲ್ಲಿ ಜನರನ್ನು ಬಾಡಿಗೆಗೆ ಕೂರಿಸಿಕೊಂಡು ಓಡಾಡುತ್ತಿದ್ದ, ಪಿಕೊಗಳಲ್ಲಿ ಜನ ಕುಣಿಯುವ ಚಂಪೇತಾ ಹಾಡುಗಳನ್ನು ಹಾಡುತ್ತಿದ್ದ. ಅವನ ತಾಯಿ ಒತೀಲಿಯಾ ನನ್ನ ಗೆಳತಿ. ನಮ್ಮ ಬೀದಿಯ ಹಿಂದೆಯೇ ಮನೆ. ಗಂಡನಿಲ್ಲ. ಬೇರೆಯವರ ಮನೆಯ ಬಟ್ಟೆ ಒಗೆದು ಮಗನನ್ನು ಸಾಕಿದವಳು. ಕೈ ನೋಡಿದರೆ ನೆನೆಹಾಕಿದ ಕಡಲೆಯ ಹಾಗೆ ಸದಾ ಸುಕ್ಕು. ಹುಡುಗ ಚೆಂದದ ಅಂಗಿ ತೊಡುತ್ತಿದ್ದ, ಹಾಡುಗಾರರ ಗುಂಪಿನಲ್ಲಿ "ನಮ್ಮಮ್ಮನದು ಬಟ್ಟೆ ಅಂಗಡಿ" ಎನ್ನುತ್ತಿದ್ದ. ಒಂದು ದಿನ ಆ ಗುಂಪಿನವನೊಬ್ಬ ಮನೆ ಹುಡುಕಿಕೊಂಡು ಬಂದು, ಬಕೆಟ್ ಹಿಡಿದು ನಿಂತಿದ್ದ ಒತೀಲಿಯಾಳನ್ನೇ "ಅಂಗಡಿ ಯಜಮಾನಿ ಇದಾರಾ?" ಎಂದು ಕೇಳಿದ. ಇವಳು ಬಕೆಟ್ ಕೆಳಗಿಡದೆ "ಇಲ್ಲಪ್ಪ, ಊರಿಗೆ ಹೋಗಿದಾರೆ" ಎಂದಳು. ಆ ಮೇಲೆ ತಾಯಿ ಮಗ ಆ ಮಾತು ಎತ್ತಲಿಲ್ಲ. ನನ್ನ ಹತ್ತಿರ ಮಾತ್ರ ಒಮ್ಮೆ ಹೇಳಿ ಅತ್ತಳು.

ಯಾಮಿತ್ ಕಿವುಡು ಚೇಳಿಗೆ ಒಂದು ಹಾಡು ಹಾಡಿದ. ನೆಮೆಸಿಯೊನ ಮನೆಯ ಹಿಂದಿನ ಕೋಣೆಯಲ್ಲಿ ಒಂದೇ ಉಸಿರಿಗೆ ಮುಗಿಸಿದನಂತೆ. ನಡುವೆ ಒಂದು ಕಡೆ ತಾಳ ನಿಲ್ಲುತ್ತದೆ, ಹಾಡುಗಾರ ತನಗೆ ಬೇಕಾದವರ ಹೆಸರು ಹೇಳಿ ಕೂಗುತ್ತಾನೆ. ಅದು ನಮ್ಮ ಕಡೆಯ ವಾಡಿಕೆ. ಸಾಮಾನ್ಯವಾಗಿ ಗೆಳೆಯರು, ಗೆಳತಿಯರು, ಬಿಯರು ಕೊಡಿಸುವವರ ಹೆಸರು ಬರುತ್ತದೆ. ಯಾಮಿತ್ ಮನೆಗೆ ಬಂದು ತಾಯಿಗೆ ಹೇಳಿದ: "ಅಲ್ಲಿ ನಿನಗೊಂದು ಮಾತು ಹೇಳಿದೀನಮ್ಮಾ."

"ಏನಂತ?"

"ಈಗಲೇ ಹೇಳಲ್ಲ. ಹಾಡಲ್ಲೇ ಕೇಳು."

ಹಾಡು ದಾಗೋನ ಕೈಗೆ ಬಂತು. ಯಾಮಿತ್ ಅವನ ಅಂಗಡಿಗೆ ಬಂದು ನಿಂತದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. "ಅಣ್ಣಾ, ಐದು ಕಡೆ ನಿಮ್ಮಿಷ್ಟ. ಆ ತಾಳ ನಿಲ್ಲೋ ಜಾಗ ಒಂದು ಬಿಟ್ಬಿಡಿ. ಅದು ನಮ್ಮಮ್ಮನಿಗೆ ಹೇಳಿರೋದು."

"ಓಹೋ, ಬಟ್ಟೆ ಅಂಗಡಿ ಯಜಮಾನಿಗಾ?" ಎಂದ ದಾಗೋ, ನಾನು ಕೇಳುವಷ್ಟು ಗಟ್ಟಿಯಾಗಿ. ಹುಡುಗನ ಕಿವಿ ಕೆಂಪಾಯಿತು. ಬೈಕು ಹತ್ತಿ ಹೋದ.

ಆರನೆಯ ಮುದ್ರೆ ಸರಿಯಾಗಿ ಅಲ್ಲೇ ಬಿತ್ತು. ತಾಳ ನಿಲ್ಲುತ್ತದೆ, ಯಾಮಿತ್ ಉಸಿರೆಳೆದುಕೊಳ್ಳುತ್ತಾನೆ, ಕಿವುಡು ಚೇಳು ಕುಟುಕಿದ್ರೆ ಬದುಕಿಲ್ಲ, ತಾಳ ಮತ್ತೆ ಶುರು. ಹಾಡು ಬೆಂಕಿಯ ಹಾಗೆ ಹಬ್ಬಿತು. ಬಸ್ಸಿನಲ್ಲಿ, ಬಿಲಿಯರ್ಡ್ಸ್ ಅಂಗಡಿಯಲ್ಲಿ, ಶಾಲೆಯ ಗೋಡೆಯಾಚೆ ಎಲ್ಲ ಕಡೆ ಅದೇ. ಆ ಆರನೆಯ ಜಾಗ ಬಂದರೆ ಇಡೀ ಬಸ್ಸು ಒಂದೇ ಬಾಯಲ್ಲಿ ಕೂಗುತ್ತಿತ್ತು. ಒತೀಲಿಯಾ ಕೂಡ ಬಟ್ಟೆ ಹಿಂಡುತ್ತ ಕೂಗುತ್ತಿದ್ದಳು, ಎಲ್ಲರಿಗಿಂತ ಜೋರಾಗಿ. ಅದು ತನ್ನ ಜಾಗ ಎನ್ನುವ ಹೆಮ್ಮೆ ಅವಳಿಗೆ.

"ವರ್ಷ ಕಳೆದ್ರೆ ಯಜಮಾನ ಅಸಲು ಬಿಡ್ತಾನೆ, ಆಗ ಕೇಳ್ತೀಯಂತೆ," ಎನ್ನುತ್ತಿದ್ದ ಮಗ.

ಹಾಡು ಬಂದ ನಾಲ್ಕನೆಯ ತಿಂಗಳು ಮಳೆಯಲ್ಲಿ ಬೀದಿ ಹೊಳೆಯಾಗಿ ಹರಿಯುವಾಗ ಬೈಕು ದಾಟಿಸಲು ಹೋಗಿ ಯಾಮಿತ್ ಕೊಚ್ಚಿಹೋದ. ಮಾರನೆಯ ದಿನ ಸಿಕ್ಕಿದ. ಅವನನ್ನು ಮಣ್ಣು ಮಾಡಿ ಬರುವಾಗ ನಾವು ಕೂತಿದ್ದ ಬಸ್ಸಿನಲ್ಲಿ ಅವನ ಹಾಡೇ ಬರುತ್ತಿತ್ತು. ಡ್ರೈವರನಿಗೆ ನಾವು ಯಾರೆಂದು ಗೊತ್ತಿರಲಿಲ್ಲ.

ನಮ್ಮಲ್ಲಿ ಸತ್ತವರಿಗೆ ಮನೆಯೊಳಗೆ ಬಿಳಿ ಬಟ್ಟೆಯ ಪೀಠ ಕಟ್ಟಿ ಎಂಟು ದಿನ ಜಪ ಮಾಡುತ್ತೇವೆ. ಒಂಬತ್ತನೆಯ ದಿನ ಪೀಠ ಎತ್ತುತ್ತೇವೆ, ಆತ್ಮ ಮನೆ ಬಿಡುತ್ತದೆ. ಆಮೇಲೆ ಒಂದು ವರ್ಷ ಆ ಮನೆಯಲ್ಲಿ ಹಾಡು ನಿಷಿದ್ಧ. ಒತೀಲಿಯಾಗೆ ಬೇಕಾಗಿದ್ದು ಒಂದೇ: ಪೀಠ ಎತ್ತುವ ಮುಂಚೆ ಆ ಸಾಲನ್ನು ಮುದ್ರೆಯಿಲ್ಲದೆ ಒಮ್ಮೆ ಕೇಳುವುದು. ಮಗ ಲೋಕದ ಮುಂದೆ ತನ್ನನ್ನು ಏನೆಂದು ಕರೆದ? ಅಂಗಡಿ ಯಜಮಾನಿ ಎಂದೇ, ತಾಯಿ ಎಂದೇ, ಒಗೆಯುವವಳು ಎಂದೇ? ಅಷ್ಟು ತಿಳಿದರೆ ಸಾಕಿತ್ತು ಅವಳಿಗೆ.

ಮೊದಲು ನೆಮೆಸಿಯೊನ ಬಾಗಿಲಿಗೆ ಹೋದಳು. ಅವನು ಹೂವಿನ ಹಾರ ಕಳಿಸಿದ, ಹಾಡು ಕೊಡಲಿಲ್ಲ. "ಈಗಂತೂ ಬಿಡೋ ಮಾತೇ ಇಲ್ಲ ತಾಯಿ. ಹಾಡಿದವನೇ ಇಲ್ಲ ಅಂದ್ಮೇಲೆ ಇಂಥದ್ದು ಇನ್ನೊಂದು ಹುಟ್ಟತ್ತಾ?" ಎಂದ. ಅವನ ಪ್ರಕಾರ ಅದು ಹೊಗಳಿಕೆ.

ಐದನೆಯ ದಿನ ದಾಗೋನ ಅಂಗಡಿಗೆ ಬಂದಳು. ಕೈಯಲ್ಲಿ ಬಸ್ ಡ್ರೈವರನೊಬ್ಬನಿಂದ ತಂದ ಪೆನ್ ಡ್ರೈವು, ಜೊತೆಗೆ ಸೀಸೆ ತುಂಬ ಮನೆಯಲ್ಲಿ ಕಡೆದ ಹುಳಿ ಕೆನೆ.

"ಅಣ್ಣಾ, ಇದ್ರಿಂದ ಆ ಕೂಗು ತೆಗೆದು ಕೊಡಕ್ಕಾಗತ್ತಾ?"

"ಯಾಕಾಗಲ್ಲ?" ಎಂದ ದಾಗೋ. ಸೀಸೆಯನ್ನು ಒಳಗಿಟ್ಟುಕೊಂಡ. ಹಿಂಡಿ ಸಣ್ಣದು ಮಾಡಿದ್ದ ಅದೇ ಹಾಡನ್ನು ತಿರುಗಿ ದೊಡ್ಡ ರೂಪಕ್ಕೆ ಬದಲಿಸಿದ. ಪರದೆ ತಿರುಗಿಸಿ ತೋರಿಸಿದ. "ನೋಡಿಲ್ಲಿ, ಮೊದಲು ಮೂರು ಎಂಬಿ ಇತ್ತು, ಈಗ ನಲವತ್ತು. ಅಸಲು ಇರೋದೇ ನಲವತ್ತು. ತೊಗೊಂಡು ಹೋಗು, ಮಗನ ದನಿ ಹಾಲಿನ ಹಾಗಿರತ್ತೆ."

ತೂಕ ಜಾಸ್ತಿಯಾದರೆ ಸರಕು ಒಳ್ಳೆಯದು ಎಂದು ಇಡೀ ಮಾರುಕಟ್ಟೆ ನಂಬುತ್ತದೆ. ಅವಳೂ ನಂಬಿದಳು. ನಾನೂ ನಂಬಿದೆ ಎನ್ನಲು ನಾಚಿಕೆಯಾಗುತ್ತದೆ. ಮನೆಗೆ ಹೋಗಿ ಹಚ್ಚಿದರೆ ಅದೇ ತಗಡು ದನಿ, ಅದೇ ಚೇಳು, ಅದೇ ಜಾಗದಲ್ಲಿ. ನೀರು ಬೆರೆಸಿದ ಹಾಲನ್ನು ದೊಡ್ಡ ಕೊಡಕ್ಕೆ ಸುರಿದು ಕೊಟ್ಟಿದ್ದ, ಅಷ್ಟೇ.

ಮರುದಿನ ಅವಳು ಬಂದು ನಿಂತಾಗ ದಾಗೋ ನಾಲ್ಕು ಜನರ ಮುಂದೆ ನಕ್ಕ. "ಏನಮ್ಮಾ, ಜಜ್ಜಿ ಕರಿದ ಬಾಳೆಕಾಯಿನ ತಿರುಗಿ ಗಿಡಕ್ಕೆ ನೇತು ಹಾಕಕ್ಕಾಗತ್ತಾ? ಹೋಗಿದ್ದು ಹೋಯ್ತು. ಅಸಲು ನನ್ನ ಹತ್ರ ಇರಲ್ಲ. ಮುದ್ರೆ ಹೊಡೆದ ತಕ್ಷಣ ಅಳಿಸ್ತೀನಿ, ಅದು ಕಸುಬಿನ ನಿಯಮ."

"ಹಾಗಾದ್ರೆ ನಿನ್ನೆ ಯಾಕೆ ಕೊಟ್ಟೆ?"

"ಕೆನೆ ತಂದಿದ್ದೆಯಲ್ಲ, ಬರಿಗೈಲಿ ಕಳಿಸೋದು ಹೇಗೆ?"

ನಾಲ್ಕು ಜನವೂ ನಕ್ಕರು. ಒತೀಲಿಯಾ ಸೀಸೆಯನ್ನಾದರೂ ವಾಪಸ್ಸು ಕೊಡು ಎಂದಳು. ಖಾಲಿ ಸೀಸೆ ಕೊಟ್ಟ.

ನನಗೆ ಮೈಯೆಲ್ಲ ಉರಿಯಿತು. ಆದರೂ ಅಂದು ಮಧ್ಯಾಹ್ನ ಎಂದಿನ ಹಾಗೆ ಅವನ ಅನ್ನ-ಬೇಳೆಯ ತಟ್ಟೆ ಹಿಡಿದು ಹೋದೆ. ತಿಂಗಳ ಲೆಕ್ಕದ ಗಿರಾಕಿ, ಬಿಡಲಾಗದು. ಎರಡು ಗಂಟೆಯ ಸೆಖೆಗೆ ಮಾರುಕಟ್ಟೆಯೇ ತೂಕಡಿಸುತ್ತಿತ್ತು. ದಾಗೋ ಕುರ್ಚಿಗೆ ಒರಗಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಕಿವಿಯ ಹೆಡ್‌ಫೋನು ಜಾರಿ ಎದೆಯ ಮೇಲೆ ಬಿದ್ದಿತ್ತು. ಅದರಿಂದ ಸಣ್ಣಗೆ ಹಾಡು ಬರುತ್ತಿತ್ತು. ಯಾಕೋ ಎತ್ತಿ ಕಿವಿಗಿಟ್ಟುಕೊಂಡೆ.

ಯಾಮಿತ್! ನನ್ನ ಕಿವಿಯ ಪಕ್ಕದಲ್ಲೇ ನಿಂತು ಹಾಡುತ್ತಿದ್ದ. ಅವನು ತುಟಿ ಒದ್ದೆ ಮಾಡಿಕೊಂಡ ಸದ್ದು ಕೂಡ ಕೇಳಿಸಿತು. ಚೇಳಿಲ್ಲ, ಕೂಗಿಲ್ಲ. ತಾಳ ನಿಂತಿತು, ಅವನು ಉಸಿರೆಳೆದುಕೊಂಡು ನಗುತ್ತ ಕೂಗಿದ: "ಬಕೆಟ್ ಕೆಳಗಿಡು ಒತೀಲಿಯಾ! ಊರ ಬಟ್ಟೆ ಒಗೆದು ನನ್ನ ಸಾಕಿದವಳೇ, ಕುಣಿಯೋ ಸರದಿ ನಿಂದು!"

ನಾನು ತಟ್ಟೆಯನ್ನು ಅವನ ಹೊಟ್ಟೆಯ ಮೇಲೆ ಕುಕ್ಕಿದೆ. ಬೆಚ್ಚಿ ಎದ್ದ. ನನ್ನ ಕೈಯಲ್ಲಿ ಹೆಡ್‌ಫೋನು ನೋಡಿದ್ದೇ ಅವನ ಮುಖ ಸುಣ್ಣವಾಯಿತು.

"ಅಳಿಸ್ತೀನಿ ಅಂದ್ಯಲ್ಲೋ, ಹಾಳಾದವನೇ."

"ಮೆಲ್ಲಗೆ ಅಕ್ಕಾ."

"ಎಷ್ಟಿದೆ ನಿನ್ನ ಹತ್ರ?"

"ಎಲ್ಲ ಇದೆ," ಎಂದ. ಆಮೇಲೆ, ದೇವರಾಣೆ, ಅವನ ಮುಖದಲ್ಲಿ ಹೆಮ್ಮೆ ಬಂತು. "ನೆಮೆಸಿಯೊ ಹತ್ರಾನೂ ಇಷ್ಟಿಲ್ಲ. ಹೆಸರು ಕೆರೆದ ತಟ್ಟೆಗಳದ್ದು ಹೆಸರು ಬರೆದಿಟ್ಟಿದೀನಿ. ನಿಮಗೆಲ್ಲ ಯಾಕೆ ಬೇಕು? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ನೀವು ಕೂಗೋರು. ಕೇಳೋನು ನಾನೊಬ್ಬ."

ಇಂಥ ಪ್ರತಿ ಇಟ್ಟುಕೊಂಡವನನ್ನು ನೆಮೆಸಿಯೊ ಏನು ಮಾಡುತ್ತಾನೆಂದು ಇಬ್ಬರಿಗೂ ಗೊತ್ತಿತ್ತು. ಹಿಂದೆ ಒಬ್ಬನ ಬಲಗೈ ಬೆರಳು ಮುರಿಸಿದ್ದ. "ಒಂಬತ್ತನೇ ದಿನ ಈ ಹಾಡು ಒತೀಲಿಯಾ ಮನೇಲಿರ್ಬೇಕು. ಇಲ್ಲಾಂದ್ರೆ ನಾನು ನೆಮೆಸಿಯೊ ಮನೇಲಿರ್ತೀನಿ," ಎಂದೆ.

ಅವನು ಬೆವರಿದ, ಬೇಡಿಕೊಂಡ, ಕೊನೆಗೆ ಚೌಕಾಸಿಗೆ ಇಳಿದ. ಒಂಬತ್ತನೆಯ ದಿನ ನೆಮೆಸಿಯೊನ ಕಡೆಯವರೂ ಬರುತ್ತಾರೆ. ಪೂರ್ತಿ ಬೋಳು ಹಾಡು ಕೇಳಿದರೆ ತನ್ನ ಕಥೆ ಮುಗಿಯಿತು. ಆದ್ದರಿಂದ ಅಸಲಿನ ಮೇಲೆ ಐದು ಮುದ್ರೆ ಇರಲಿ, ಆರನೆಯದೊಂದನ್ನು ಬಿಡುತ್ತೇನೆ ಎಂದ; ಒಂದು ಬಿಟ್ಟುಹೋದರೆ ಕೈತಪ್ಪು ಎನ್ನಬಹುದಂತೆ. ಒಂದೇ ಸಲ ಕೇಳಿಸುವುದು, ಆಮೇಲೆ ಪೆನ್ ಡ್ರೈವು ತನಗೆ ವಾಪಸ್ಸು. ಒತೀಲಿಯಾಗೂ ಮುಂಚೆ ಏನೂ ಹೇಳಕೂಡದು; ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ನಾನು ಒಪ್ಪಿದೆ. ಒಂದು ಸಾಲು ಸಾಕಲ್ಲ ಅನ್ನಿಸಿತು. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಒಂಬತ್ತನೆಯ ದಿನ ಸಂಜೆ ಒತೀಲಿಯಾಳ ಅಂಗಳದಲ್ಲಿ ನಲವತ್ತು ಕುರ್ಚಿ. ಬಟ್ಟೆ ಒಣಹಾಕುವ ಹಗ್ಗಗಳನ್ನು ಬಿಚ್ಚಿದ್ದಳು. ಕಾಫಿ, ಉಪ್ಪು ಬಿಸ್ಕತ್ತು, ಶುಂಠಿ ಹಾಕಿದ ಬೆಲ್ಲದ ನೀರು ಹಂಚಿದ್ದಾಯಿತು. ನೆಮೆಸಿಯೊ ಬರಲಿಲ್ಲ, ಅವನ ಪಿಕೊದ ವೈರು ಎಳೆಯುವ ಉರೀಯೆಲ್‌ನನ್ನು ಕಳಿಸಿದ್ದ. ಉರೀಯೆಲ್‌ನನ್ನು ಕಂಡದ್ದೇ ದಾಗೋ ಹೊರಡಲು ಎದ್ದ. ನಾನು ಅಂಗಿಯ ತುದಿ ಹಿಡಿದು ಕೂರಿಸಿದೆ.

ನನಗಿದ್ದ ಹೆದರಿಕೆ ಒಂದೇ. ಆ ಜಾಗದಲ್ಲಿ ಕೂಗುವುದು ಊರಿಗೆ ಅಭ್ಯಾಸವಾಗಿದೆ. ಅದಕ್ಕೇ ಜಪ ಮುಗಿಯುತ್ತಲೇ ಕುರ್ಚಿಯಿಂದ ಕುರ್ಚಿಗೆ ಹೋಗಿ ಒಬ್ಬೊಬ್ಬರ ಕಿವಿಯಲ್ಲಿ ಹೇಳಿದೆ: "ಹಾಡು ಬರುತ್ತೆ. ತಾಳ ನಿಂತಾಗ ಯಾರಾದ್ರೂ ಪಿಟ್ ಅಂದ್ರೆ ನಾಳೆಯಿಂದ ನನ್ನ ಬಾಣಲೆ ಹತ್ರ ಬರ್ಬೇಡಿ." ಡ್ರೈವರುಗಳಿಗೆ ಎರಡೆರಡು ಸಲ ಹೇಳಿದೆ. ಒಬ್ಬ ಮುದುಕಿ ಮುಂಜಾಗ್ರತೆಗೆ ಬಾಯಿಗೆ ಬಿಸ್ಕತ್ತು ತುರುಕಿಕೊಂಡಳು. ಉರೀಯೆಲ್‌ಗೂ "ತಾಯಿ ಮುಂದೆ ಕೂಗ್ಬೇಡಪ್ಪ" ಎಂದೆ. ಅವನು ತಲೆಯಾಡಿಸಿದ.

ಪೀಠದ ಮೇಲಿನ ಮೇಣದಬತ್ತಿಗಳನ್ನು ಒಂದೊಂದಾಗಿ ಆರಿಸುತ್ತ ಬಂದರು. ಒಂದು ಉಳಿದಾಗ ನಾನು ಒತೀಲಿಯಾಗೆ "ಕಿವಿ ಕೊಟ್ಟು ಕೇಳೇ" ಎಂದು ಹಾಡು ಹಚ್ಚಿದೆ.

ಮೊದಲ ಮುದ್ರೆ ಬಂತು, ಎರಡನೆಯದು ಬಂತು. ಜನ ಬಾಯಿ ಬಿಗಿಹಿಡಿದಿದ್ದರು. ಒತೀಲಿಯಾ ಮಗನ ಪಟ ನೋಡುತ್ತ ನಿಧಾನಕ್ಕೆ ತೂಗಾಡುತ್ತಿದ್ದಳು. ಮೂರನೆಯ ಮುದ್ರೆಗೆ ಅವಳ ತುಟಿ ಅದರ ಜೊತೆ ಅಲುಗಿತು. ನಾಲ್ಕನೆಯದಕ್ಕೆ ಪಿಸುದನಿ ಬಂತು. ನಾನು ಡ್ರೈವರುಗಳ ಬಾಯಿಯನ್ನೇ ಕಾಯುತ್ತಿದ್ದೆ, ಅವಳ ಕಡೆ ನೋಡಲಿಲ್ಲ. ಐದನೆಯದೂ ಹೋಯಿತು. ತಾಳ ನಿಂತಿತು. ಅಂಗಳದಲ್ಲಿ ನಲವತ್ತು ಜನ ಉಸಿರು ಕಟ್ಟಿ ಕೂತಿದ್ದರು. ಯಾಮಿತ್ ಉಸಿರೆಳೆದುಕೊಂಡ.

"ಕಿವುಡು ಚೇಳು! ಕುಟುಕಿದ್ರೆ ಬದುಕಿಲ್ಲ!"

ಒತೀಲಿಯಾ. ಎರಡು ಕೈ ಮೇಲೆತ್ತಿ, ಕತ್ತಿನ ನರ ಉಬ್ಬಿಸಿ, ನಾಲ್ಕು ತಿಂಗಳು ಬಟ್ಟೆಕಲ್ಲಿನ ಮುಂದೆ ಕೂಗಿದ ಹಾಗೆಯೇ ಕೂಗಿದಳು. ಅವಳ ಕೂಗು ಮುಗಿಯುವಾಗ ತಾಳ ಮತ್ತೆ ಶುರುವಾಗಿತ್ತು. ಹಾಡು ತನ್ನ ಪಾಡಿಗೆ ಮುಗಿಯಿತು. ಕೊನೆಯ ಬತ್ತಿ ಆರಿಸಿ ಪೀಠ ಎತ್ತಿದರು; ಇನ್ನೊಂದು ವರ್ಷ ಆ ಮನೆಯಲ್ಲಿ ಹಾಡಿಲ್ಲ. ಎಲ್ಲರ ಬಾಯಿಗೂ ಬೀಗ ಹಾಕಿದ್ದೆ, ಅವಳೊಬ್ಬಳ ಬಾಯಿ ಮರೆತಿದ್ದೆ. ಇದನ್ನು ನಾನು ಸಾಯುವವರೆಗೂ ಕ್ಷಮಿಸಿಕೊಳ್ಳಲಾರೆ.

ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ಅವಳಿಗೆ ಗೊತ್ತಾಯಿತು. "ಅಲ್ಲಿ ಮುದ್ರೆ ಇರ್ಲಿಲ್ವಾ?" ಎಂದಳು. ದಾಗೋ ಆಗಲೇ ಪೆನ್ ಡ್ರೈವು ಕಿತ್ತು ಜೇಬಿಗೆ ಹಾಕಿಕೊಂಡಿದ್ದ.

ನಾನು ಅವಳನ್ನು ತಬ್ಬಿ ಕಿವಿಯಲ್ಲಿ ಆ ಸಾಲು ಹೇಳಿದೆ. ಬಕೆಟ್ ಕೆಳಗಿಡು ಒತೀಲಿಯಾ, ಊರ ಬಟ್ಟೆ ಒಗೆದು ನನ್ನ ಸಾಕಿದವಳೇ. ಅಕ್ಷರ ಬಿಡದೆ ಹೇಳಿದೆ. ಅವಳು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

"ನೀನು ಒಳ್ಳೆಯವಳು ಕಣೇ ಎಮೆರೀತಾ. ಆದ್ರೆ ಅವನು ಹಾಗನ್ನಲ್ಲ. ನಮ್ಮಮ್ಮ ಬಟ್ಟೆ ಒಗೀತಾಳೆ ಅಂತ ಊರ ಮುಂದೆ ಅವನ ಬಾಯಲ್ಲಿ ಬರ್ತಾನೇ ಇರ್ಲಿಲ್ಲ."

"ಈ ಕಿವಿಯಲ್ಲಿ ಕೇಳಿದೀನೇ. ಬೇಕಾದ್ರೆ ದಾಗೋನ ಕೇಳು, ಅವನಿಗೆ ಗೊತ್ತು."

ಅವಳು ಅವನ ಕಡೆ ತಿರುಗಿದಳು. "ಹೌದೇನಣ್ಣಾ? ಹಾಗಂದಿದಾನಾ ನನ್ನ ಮಗ?"

ದಾಗೋ ಬಿಸ್ಕತ್ತು ಅಗಿಯುತ್ತಿದ್ದ. ಉರೀಯೆಲ್ ಅವನ ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತು ಇವನ ಬಾಯನ್ನೇ ನೋಡುತ್ತಿದ್ದ. ಹೌದು ಎಂದು ತಲೆಯಾಡಿಸಿದರೂ ಸಾಕಿತ್ತು. ನಾನು ಕಣ್ಣಲ್ಲೇ ಬೇಡಿದೆ, ಹೆದರಿಸಿದೆ.

"ನಾನು ಮುದ್ರೆ ಹೊಡೆಯೋನಮ್ಮಾ," ಎಂದ ನುಂಗಿಕೊಂಡು. "ಅಡಿಯಲ್ಲಿ ಏನಿದೆ ಅಂತ ನೋಡಲ್ಲ. ಅಲ್ಲೇನೋ ಗೆಳತಿಯರ ಹೆಸರಿತ್ತು ಅಂತ ಕಾಣತ್ತೆ."

ಉರೀಯೆಲ್ ಕಾಫಿ ಕುಡಿದ. ಒತೀಲಿಯಾ ತಲೆಯಾಡಿಸಿದಳು. ಕಸುಬುದಾರನ ಮಾತಿಗಿಂತ ಅರೇಪಾ ಕರಿಯುವವಳ ಮಾತು ದೊಡ್ಡದೇ?

ಅದಾಗಿ ಎರಡು ವರ್ಷ. ಆ ಹಾಡು ದಾಗೋನ ಕಂಪ್ಯೂಟರ್ ಡಬ್ಬಿಯಲ್ಲಿ ಈಗಲೂ ಇದೆ. ನೆಮೆಸಿಯೊಗೆ ಹೇಳಿ ಅವನ ಕೈ ಮುರಿಸಬಲ್ಲೆ. ಆದರೆ ಹೇಳಿದ ದಿನವೇ ಆ ಡಬ್ಬಿಯನ್ನು ಕಲ್ಲಿಗೆ ಹಾಕಿ ಒಡೆಯುತ್ತಾರೆ, ಆ ಸಾಲು ನಾನು ಕೈಯಿಡಬಲ್ಲ ಜಾಗದಲ್ಲಿ ಇರುವುದಿಲ್ಲ. ಹಾಗಾಗಿ ಬಾಯಿ ಮುಚ್ಚಿಕೊಂಡು ಅವನಿಗೆ ಮಧ್ಯಾಹ್ನ ಅನ್ನ ಕಳಿಸುತ್ತೇನೆ. ವರ್ಷದ ಮೌನ ಮುಗಿದಾಗ ಒತೀಲಿಯಾಗೆ ಮತ್ತೆ ಹೇಳಲು ಹೋದೆ, ಕದ್ದಾದರೂ ತಂದು ಕೇಳಿಸುತ್ತೇನೆ ಎಂದೆ. ಅವಳು ಯಾರದೋ ಹಾಸಿಗೆಯ ಬಟ್ಟೆ ಹಿಂಡುತ್ತಿದ್ದಳು. ತುದಿ ಹಿಡಿದ ಕೈ ಬಿಡಲಿಲ್ಲ.

"ಬಿಡೇ ಅದನ್ನ," ಎಂದಳು. "ಮಗು ನಾಚ್ಕೋತಿತ್ತು, ಅಷ್ಟೇ. ಇನ್ನೊಂದ್ನಾಲ್ಕು ವರ್ಷ ಬದುಕಿದ್ರೆ ಬುದ್ಧಿ ಬರ್ತಿತ್ತು. ನನಗೆ ಅವನ ಮೇಲೆ ಏನೂ ಕೋಪ ಇಲ್ಲ."